ದೇವೀರಮ್ಮನ ನಂದಬಟ್ಟಲು

ಒಂದಾನೊಂದು ಕಾಲದಲ್ಲಿ, ಗಿಡ ಮಾರೋ ಅಂಗಡಿ ಅನ್ನೋದನ್ನ ಯಾರೂ ಕಂಡಿಲ್ಲದ ಕಾಲದಲ್ಲಿ, ದೇವೀರಮ್ಮ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯರು, ಮನೆ ಹಿಂದೆ ಒಂದು ಹಿತ್ತಲು. ಹಿತ್ತಲಲ್ಲಿ ಏನೇನಿತ್ತು ಅಂತೀಯ? ಕೆಂಪು ದಾಸವಾಳ, ಕೆಮ್ಮು ಬಂದಾಗ ರಸ ಹಿಂಡಿ ಕುಡಿಸ್ತೀನಲ್ಲ ಆ ದೊಡ್ಡಪತ್ರೆ, ಆಮೇಲೆ ಬಾವಿಕಟ್ಟೆ ಪಕ್ಕ ಮೈತುಂಬ ಬಿಳೀ ಹೂ ಬಿಡೋ ನಂದಬಟ್ಟಲು. ಎಲ್ಲಾ ಗಟ್ಟಿ ಜೀವಗಳು ಕಣೋ. ಪಾತ್ರೆ ತೊಳೆದ ನೀರು ಕುಡ್ಕೊಂಡೇ ಎಂಥಾ ಬೇಸಿಗೇನೂ ದಾಟಿಬಿಡೋವಂತೆ.

ಆ ನಂದಬಟ್ಟಲು ಇದೆಯಲ್ಲ, ಅದು ದೇವೀರಮ್ಮ ಮದುವೆಯಾಗಿ ಬರೋವಾಗ ಅವಳಮ್ಮ ಮಡಿಲಿಗೆ ಹಾಕಿ ಕಳಿಸಿದ ಕಡ್ಡಿಯಂತೆ. ಆಮೇಲೆ ಅಮ್ಮ ಸತ್ತಳು, ಅಣ್ಣತಮ್ಮಂದಿರು ಊರು ಬಿಟ್ಟರು, ತವರು ಅಂತ ಉಳಿದಿದ್ದು ಆ ಗಿಡ ಒಂದೇ. ಅದಕ್ಕೇ ಯಾರಾದರೂ ಒಂದು ಕಡ್ಡಿ ಕೊಡವ್ವ ಅಂದರೆ ಅವಳಿಗೆ ಅಮ್ಮನ್ನೇ ಮುರಿದು ಕೊಡು ಅಂದ ಹಾಗಾಗೋದಂತೆ. ಕೊಡಲ್ಲ ಅಂದರೆ ಕೊಡಲ್ಲ. ಸೊಸೆಯರು ತವರಿಗೆ ಹೊರಟಾಗ ಆಸೆಪಟ್ಟು ಕೇಳಿದರೂ, ಬೇಕಾದರೆ ನಿಮ್ಮ ತವರಿನವರೇ ಬಂದು ನೋಡ್ಕೊಂಡು ಹೋಗಲಿ ಅನ್ನೋಳಂತೆ.

ಆದರೂ ಅಲ್ಲೊಂದು ಇಲ್ಲೊಂದು ಕೊಂಬೆ ಮುರಿದಿರೋದು ಕಾಣೋದು. ಯಾರೋ ಕದೀತಿದಾರೆ ಅಂತ ದೇವೀರಮ್ಮ ಮೊದಲು ಮುಳ್ಳಿನ ಬೇಲಿ ಹಾಕಿಸಿದಳು, ಆಮೇಲೆ ಬೇಲಿ ಸಾಲದು ಅಂತ ಮಣ್ಣಿನ ಗೋಡೆ ಎಬ್ಬಿಸಿದಳು, ಆಮೇಲೆ ಮಳೆನೀರು ಹೊರಗೆ ಹೋಗಲಿ ಅಂತ ಗೋಡೆ ಬುಡದಲ್ಲಿ ಬಿಟ್ಟಿದ್ದ ಕಿಂಡೀಲಿ ಯಾರಾದರೂ ಕೈ ತೂರಿಸ್ತಾರೆ ಅಂತ ಅದಕ್ಕೂ ಕಲ್ಲುಮಣ್ಣು ಮೆತ್ತಿಸಿಬಿಟ್ಟಳಂತೆ. ಗಂಡುಮಕ್ಕಳು ಬೇಡಮ್ಮ ಅಂದರು. ಅವಳು ಕೇಳಬೇಕಲ್ಲ.

ಆ ವರ್ಷ ಮಳೆ ಹಿಡೀತು ನೋಡು, ಬಿಡಲೇ ಇಲ್ಲ. ಹೋಗೋಕೆ ದಾರಿ ಇಲ್ಲದೆ ನೀರೆಲ್ಲ ಹಿತ್ತಲಲ್ಲೇ ನಿಂತುಬಿಡ್ತು. ದೇವೀರಮ್ಮ ಬಿಂದಿಗೇಲಿ ಮೊಗೆದು ಮೊಗೆದು ಚೆಲ್ಲಿದಳು, ಗಂಡುಮಕ್ಕಳು ಹಾರೆ ತಂದು ಗೋಡೆ ಒಡೆದರು, ಅಷ್ಟೊತ್ತಿಗೆ ಬೇರು ಕೊಳೆತುಹೋಗಿತ್ತಂತೆ. ದೊಡ್ಡಪತ್ರೆ ಕರಗಿಹೋಯ್ತು, ದಾಸವಾಳ ಎಲೆ ಉದುರಿಸಿತು, ನಂದಬಟ್ಟಲು ಹಳದಿಯಾಗಿ ಆಮೇಲೆ ಒಣಗಿಹೋಯ್ತು. ಬಿಸಿಲಿಗೆ ಸಾಯದ ಗಿಡಗಳು ಕಾವಲಿಗೆ ಸತ್ತವು. ಅವತ್ತು ದೇವೀರಮ್ಮ ಅಮ್ಮ ಸತ್ತ ದಿನಕ್ಕಿಂತ ಹೆಚ್ಚು ಅತ್ತಳಂತೆ.

ಆಮೇಲೆ ದೊಡ್ಡ ಸೊಸೆ ತವರಲ್ಲಿ ತೊಟ್ಟಿಲು ಶಾಸ್ತ್ರ ಅಂತ ದೇವೀರಮ್ಮ ಅಲ್ಲಿಗೆ ಹೋದಳು. ನೋಡ್ತಾಳೆ, ಅವರಂಗಳದಲ್ಲಿ ಇವಳದೇ ಕೆಂಪು ದಾಸವಾಳ. ಓಹೋ, ಕಳ್ಳಿ ನಮ್ಮನೇಲೇ ಇದಾಳೆ ಅಂತ ಸಿಟ್ಟು ನೆತ್ತಿಗೇರಿ ಊಟಾನೂ ಮಾಡದೆ ಬಂದುಬಿಟ್ಟಳಂತೆ. ಆಮೇಲೆ ನಡುವಲ ಸೊಸೆ ತವರಿಗೆ ಗೃಹಪ್ರವೇಶಕ್ಕೆ ಹೋದರೆ ಅಲ್ಲಿ ಒಡಕು ಮಡಕೇಲಿ ದೊಡ್ಡಪತ್ರೆ. ಈ ಸಲ ಸಿಟ್ಟು ಅಷ್ಟಾಗಿ ಬರಲಿಲ್ಲ. ಒಂದು ಕಡ್ಡಿ ಕೊಡಿ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ಆದರೆ ಯಾರಿಗೂ ಕೊಟ್ಟು ಗೊತ್ತಿಲ್ಲದವಳಿಗೆ ಕೇಳೋಕೆ ಬಾಯಿ ಬರಬೇಕಲ್ಲ, ಬರಲಿಲ್ಲವಂತೆ.

ಆಮೇಲೆ ಕಿರಿ ಸೊಸೆ ತಾಯಿ ಹೊನ್ನಕ್ಕ ಕಾಲು ಉಳುಕಿಸಿಕೊಂಡಿದಾಳೆ ಅಂತ, ಸೊಸೆ ಜೊತೆ ನೋಡೋಕೆ ಹೋದಳು. ಜಗಲಿ ಮುಂದೇನೇ ನಂದಬಟ್ಟಲು, ಆಳೆತ್ತರ, ಮೈತುಂಬ ಹೂ. ಕಿರಿ ಸೊಸೆ ತಲೆ ತಗ್ಗಿಸಿ ನಿಂತಳಂತೆ. ದೇವೀರಮ್ಮ ಬೈಯಲಿಲ್ಲ. ಸುಮ್ಮನೆ ಹೋಗಿ ಗಿಡದ ಬುಡದಲ್ಲಿ ಕೂತಳು, ಎಲೆ ಸವರಿದಳು, ಅಯ್ಯೋ ನಮ್ಮಮ್ಮ ಇಲ್ಲಿದಾಳಲ್ಲ ಅಂತ ಕಣ್ಣು ತುಂಬಿಕೊಂಡಳು. ಆಮೇಲೆ ನೆಲ ನೋಡ್ತಾ, ಹೊನ್ನಕ್ಕ, ಒಂದೇ ಒಂದು ಅಂತ ಶುರು ಮಾಡಿದಳಂತೆ.

ಹೊನ್ನಕ್ಕ ಮಾತು ಮುಗಿಸೋಕೆ ಬಿಡಲಿಲ್ಲ.

“ಕೇಳಬೇಡಿ ಅಕ್ಕ. ಕೇಳಿ ತಂದ ಕಡ್ಡಿ ಹತ್ತಲ್ಲ, ಕದ್ದ ಕಡ್ಡೀನೇ ಚಿಗುರೋದು ಅಂತಾರೆ. ನಾನು ಒಳಗೆ ಹೋಗಿ ಮಜ್ಜಿಗೆ ತರ್ತೀನಿ. ಕಾಲು ನೋವು, ಸ್ವಲ್ಪ ನಿಧಾನ ಆಗುತ್ತೆ.”

ಹಾಗಂದು ಬೆನ್ನು ತಿರುಗಿಸಿ ಕುಂಟುತ್ತಾ ಒಳಗೆ ಹೋದಳಂತೆ. ಮುದುಕಿ ದೇವೀರಮ್ಮ ಹುಟ್ಟಿ ಮೊದಲನೇ ಸಲ ಕಳ್ಳತನ ಮಾಡಿದಳು, ಕಡ್ಡಿ ಮುರಿದು ಸೆರಗಲ್ಲಿ ಬಚ್ಚಿಟ್ಟುಕೊಂಡಳು. ಮಜ್ಜಿಗೆ ಬಂದಾಗ ಇಬ್ಬರೂ ಗಿಡದ ಕಡೆ ನೋಡಲಿಲ್ಲ, ಮಳೆ ಬೆಳೆ ಮಾತಾಡಿದರಂತೆ. ವಾಪಸ್ ಬರೋ ದಾರೀಲಿ ದೇವೀರಮ್ಮ ಕಿರಿ ಸೊಸೆ ಕೈ ಹಿಡ್ಕೊಂಡು, “ನೀನು ಕದ್ದಿದ್ದಕ್ಕೆ ನನ್ನ ತವರು ಉಳೀತು ಕಣವ್ವ” ಅಂದಳಂತೆ.

ಕಡ್ಡಿ ಚಿಗುರಿತು. ಆಮೇಲೆ ದಾಸವಾಳಾನೂ ದೊಡ್ಡಪತ್ರೇನೂ ಹಾಗೇ ಸೆರಗಲ್ಲಿ ಬಂದವಂತೆ. ಒಡೆದ ಗೋಡೆ ಮತ್ತೆ ಕಟ್ಟಿಸಲಿಲ್ಲ. ಊರ ಹೆಂಗಸರ ಬಳೆ ಸದ್ದು ಹಿತ್ತಲಲ್ಲಿ ಕೇಳಿದರೆ ಸಾಕು, ದೇವೀರಮ್ಮ ಮೊರ ತಗೊಂಡು ಆ ಕಡೆಗೆ ಬೆನ್ನು ಹಾಕಿ ಅಕ್ಕಿ ಆರಿಸೋಕೆ ಕೂತುಬಿಡೋಳಂತೆ. ಪಟ್ ಅಂತ ಕಡ್ಡಿ ಮುರಿದ ಸದ್ದು ಕೇಳೋದು. ಆಗಲೂ ತಿರುಗ್ತಿರಲಿಲ್ಲ. ಪಾಪ, ಒಂದು ಹತ್ತದೇ ಹೋದರೆ ಅಂತ, ಇನ್ನೊಂದು ಪಟ್ ಅನ್ನೋವರೆಗೂ ಕಾಯೋಳಂತೆ. ಕತೆ ಇಲ್ಲಿಗೆ ಮುಗೀತು, ಮಗ್ಗುಲಾಗು ಕಂದ.