ಇನಾಮದಾರರು ಮುಟ್ಟಬೇಡಿ ಅಂದ ಆಟ

ಧಾರವಾಡದ ಆ ಓಣಿಯಲ್ಲಿ ಮೂರನೇ ಸಲ ಅದೇ ಬಳೆ ಅಂಗಡಿಯ ಮುಂದೆ ಬಂದು ನಿಂತೆ. ಇಸ್ತಾಂಬುಲ್‌ನಲ್ಲೂ ದಾರಿ ತಪ್ಪದವಳು ನಾನು!

"ಚೆಸ್ ಕ್ಲಬ್ ಎಲ್ಲಿದೆಯಮ್ಮಾ?"

"ಅಧ್ಯಕ್ಷರು ಇನಾಮದಾರ್ ಸಾಹೇಬ್ರು ಒದರೋದು ಕೇಳಸ್ತದಲ್ರಿ, ಆ ಕಡೆ ಹೋಗ್ರಿ," ಎಂದಳು ಅಂಗಡಿಯ ಶಾಹಿದಾ. "ದಿನಾ ಇಲ್ಲಿ ನಿಂತು ಗೆದ್ದ ಕಥಿನೇ ಹೇಳ್ತಾರ. ಅವರು ಸೋತ್ರ ನೀವು ನನಗ ಬಂದು ಹೇಳಬೇಕು, ಮತ್ತ!"

ಮಾತು ಕೊಟ್ಟೆ.

ಕ್ಲಬ್ಬಿನಲ್ಲಿ ಇನಾಮದಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸದಸ್ಯತ್ವ ಬೇಕೇನ್ರಿ? ಊಟ ಆದಮೇಲೆ ನನ್ನ ಎದುರು ಕಪ್ಪು ಕಾಯಿ ಆಡ್ರಿ. ಮೂವತ್ತು ನಡೆ ತಡಕೊಂಡ್ರ ಒಳಗ, ಇಲ್ಲಾಂದ್ರ ಹೊರಗ."

ವರ್ಗವಾಗಿ ಬಂದ ಊರಲ್ಲಿ ನನಗೆ ಗೊತ್ತಿದ್ದ ಕ್ಲಬ್ ಅದೊಂದೇ. ಕಪ್ಪು ಕಾಯಿಯಿಂದ ಆಟ ಶುರುಮಾಡುವ ಮೂರು ಕ್ರಮಗಳನ್ನು ಕಲಿತಿದ್ದೆ, ಮೂರೂ ಅರ್ಧಂಬರ್ಧ. ಯಾವುದನ್ನು ಆಡುವುದು? ಅವರನ್ನೇ ಕೇಳಿದೆ.

"ಸರ್, ತಾವು ದೊಡ್ಡವರು. ಸಿಸಿಲಿಯನ್ ಆಡಲಾ?"

"ಆಡ್ರಿ, ಆಡ್ರಿ."

"ಫ್ರೆಂಚ್?"

"ಭಾಳ ಚಲೋ!" ನಗು ಬೇರೆ.

"ಕ್ಯಾರೋ-ಕಾನ್?"

ನಗು ನಿಂತಿತು. "ಥೂ! ಅಂಜುಬುರುಕರ ಆಟ ಅದು! ಮುಟ್ಟಲೇಬ್ಯಾಡ್ರಿ!" ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು.

ಊಟ ಬಿಟ್ಟು ಅದೊಂದನ್ನೇ ಓದಿದೆ.

ಆಟಕ್ಕೆ ಕೂತಾಗ ಅವರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರು. ನಾನು ಸಿ ಸಾಲಿನ ಕಾಲಾಳನ್ನು ಒಂದೇ ಒಂದು ಮನೆ ಸರಿಸಿದೆ: ಕ್ಯಾರೋ-ಕಾನ್.

"ಬ್ಯಾಡ ಅಂದಿದ್ದೆನಲ್ರಿ!"

"ಅದಕ್ಕೇ ಸರ್."

ಇಪ್ಪತ್ತಾರನೇ ನಡೆಗೆ ಅವರ ರಾಜ ಸಿಕ್ಕಿಬಿದ್ದ. ಚೆಕ್‌ಮೇಟ್! ಇನಾಮದಾರರು ಹಣೆ ಒರೆಸಿಕೊಂಡು, "ಮೂವತ್ತು ಆಗಲಿಲ್ಲಲ್ರಿ!" ಎಂದರು.

"ಉಳಿದ ನಾಲ್ಕು ನೀವು ಆಡಿ ಸರ್, ಕಾಯ್ತೀನಿ."

ಕೂತವರೆಲ್ಲ ಗೊಳ್ಳೆಂದರು. ಇನಾಮದಾರರು ನನ್ನ ಸದಸ್ಯತ್ವದ ಅರ್ಜಿಗೆ ಸಹಿ ಹಾಕಿದರು.

ನೇರ ಬಳೆ ಅಂಗಡಿಗೆ ಓಡಿದೆ. ಈ ಸಲ ದಾರಿ ತಪ್ಪಲಿಲ್ಲ. ಶಾಹಿದಾ ಸ್ಟೂಲ್ ಎಳೆದು, "ಮೊದಲಿಂದ ಹೇಳ್ರಿ," ಎಂದಳು. ಮೂರು ಸಲ ಹೇಳಿದ ಮೇಲೆ ದಾರಿ ತೋರಿಸಿದ ಋಣ ತೀರಿತು.