ತಣ್ಣಗಾದ್ರ ಕಂಬಳಿ, ಬಿಸಿಯಾದ್ರ ಗಾಳಿ

ಕೇಳ್ರಿ, ನಡುವ ನಗಬ್ಯಾಡ್ರಿ. ಗರಡಿಮನಿ ಹಿಂದ ತಿಪ್ಪವ್ವ ಅಂತ ಒಬ್ಬಾಕಿ ಇದ್ಲು. ಗಂಡ ಪೈಲ್ವಾನ, ತೀರಿಕೊಂಡಿದ್ದ. ಮಗ ಮಲ್ಲಾರಿ. ಮೈ ಆನಿದು, ಬುದ್ಧಿ ಮಾತ್ರ ಅಷ್ಟಕ್ಕಷ್ಟ. "ಅಪ್ಪನ ಹೆಸರರ ಉಳಿಸೋ!" ಅಂತ ಗರಡಿಗೆ ಅಟ್ಟಿದ್ಲು.

ಕುಸ್ತಿ ಕಲಸೂ ವಸ್ತಾದ ಇಮಾಮಸಾಬ ಹೇಳಿದ: "ಬಸ್ಕಿ ಹೊಡಿ. ಮೈ ಬಿಸಿ ಆಗೂತನಕ ನಿಲ್ಲಿಸಬ್ಯಾಡ."

ಮಲ್ಲಾರಿ ಹತ್ತು ಹೊಡದ, ತನ್ನ ತೋಳು ಮುಟ್ಟಿ ನೋಡಿದ. ತಣ್ಣಗ! ಬೆವರು ಬಂತು, ಮತ್ತಷ್ಟು ತಣ್ಣಗ! ನೂರು ಹೊಡದ, ಇನ್ನೂರು ಹೊಡದ, ಧೊಪ್ಪಂತ ಬಿದ್ದ.

ತಿಪ್ಪವ್ವ ಓಡಿ ಬಂದ್ಲು. "ಅಯ್ಯ ಹುಚ್ಚಪ್ಯಾಲಿ! ಮೈ ತಣ್ಣಗಾತಂದ್ರ ನಿಲ್ಲಿಸಿ ಕಂಬಳಿ ಹೊದ್ದು ಕೂಡಬೇಕೋ!"

"ಆತವ್ವ."

ಮರುದಿನ ಐದು ಬಸ್ಕಿಗೇ ತೋಳು ತಣ್ಣಗಾತು. ಕಂಬಳಿ ಹೊದ್ದು ಕೂತ. ಕೂತ ಮ್ಯಾಲ ಮೈ ಕಾಯಾಕತ್ತಿತು, ಮಾರಿ ಕೆಂಪಾತು. "ವಸ್ತಾದ್ರ, ಜ್ವರಾ ಬಂತು, ಸಾಯ್ತೀನಿ!"

ವಸ್ತಾದ ಕಂಬಳಿ ಕಿತ್ತೊಗದ. "ಲೇ ಕೋಣ! ಕಸರತ್ತು ನಿಲ್ಲಿಸಿದ ಮ್ಯಾಲ ನೆತ್ತರು ತೊಗಲಿಗೆ ಬರ್ತೈತಿ, ತೊಗಲು ಕಾಯ್ತೈತಿ. ಮೈ ಕಾದ್ರ ಗಾಳಿಗೆ ಕೂಡಬೇಕು!"

"ಆತ್ರೀ."

ಆ ವಾರ ತಿಪ್ಪವ್ವಗ ಖರೇನ ಜ್ವರಾ ಬಂತು. ಮಗ ಹಣಿ ಮುಟ್ಟಿದ. "ಅವ್ವಾ, ನನಗ ಹೇಳದನ ಬಸ್ಕಿ ಹೊಡದೀಯಲ್ಲ!" ಹಾಸಿಗಿ ಸಮೇತ ಎತ್ತಿ ಮಾಳಿಗಿ ಮ್ಯಾಲ ಗಾಳಿಗೆ ಇಟ್ಟ. ಆಕಿ ಹಲ್ಲು ಕಟಕಟ! ಓಣಿಯವರು ಬಂದು ಇಳಿಸಿದ್ರು.

"ನನ್ನ ಕೊಲ್ಲಾಕ ಹುಟ್ಟೀಯೇನೋ! ಮೈ ಸುಡೂ ಮನಷ್ಯಾನ್ನ ಹೊತ್ಕೊಂಡು ಡಾಕ್ಟರ ಕಡೆ ಓಡಬೇಕೋ!"

"ಆತವ್ವ, ಓಡ್ತೀನಿ."

ಆಕಿ ಗುಣಾದ ಮ್ಯಾಲ ಬಾಜೂ ಊರಾಗ ಕುಸ್ತಿ ಇಟ್ಟರು. ಎದುರಾಳಿ ಸಿದರಾಯ. ಮಲ್ಲಾರಿ ಅಪ್ಪನ್ನ ಕಡೇ ಕುಸ್ತ್ಯಾಗ ಕೆಡವಿದವನ ಮಗ. ತಿಪ್ಪವ್ವ ಎಲ್ಲಾರಕಿಂತ ಮುಂದ ಕೂತಿದ್ಲು.

ಮೊದಲ ಸುತ್ತು ಸಮ. ಇಬ್ಬರೂ ಕೂತು ದಮ್ಮು ತಗೊಂಡ್ರು. ಎರಡನೇ ಸುತ್ತಿಗೆ ಮಲ್ಲಾರಿ ಒಂದ ಪಟ್ಟಿಗೆ ಸಿದರಾಯನ್ನ ಕೆಡವಿದ. ಒಂದು ಭುಜ ಮಣ್ಣಿಗೆ ತಾಕಿತು. ಇನ್ನೊಂದು ತಾಕಾಕ ಇನ್ನ ನಾಕು ಬೆರಳು, ತಾಕಿದ್ರ ಗೆದ್ದಂಗ!

"ಒತ್ತೋ ಮಗನ, ಒತ್ತು!" ಅಂತ ತಿಪ್ಪವ್ವ ಒದರಿದ್ಲು.

ಅಷ್ಟರಾಗ ಮಲ್ಲಾರಿ ಕೈಗೆ ಸಿದರಾಯನ ಬೆನ್ನು ಬಿಸಿ ಹತ್ತಿತು. "ಅಯ್ಯೋ ಪಾಪ, ಸುಡಾಕತ್ತಾನ!" ಅವನ್ನ ಹೆಗಲಿಗೆ ಹಾಕ್ಕೊಂಡು ಕಣ ಬಿಟ್ಟು ಡಾಕ್ಟರ ಮನಿಗೆ ಓಡಿದ. "ಇಳಸೋ ಲೇ!" ಅಂತ ಸಿದರಾಯ ಗುದ್ದತಾನ, ಇವ ನಿಲ್ಲವಲ್ಲ.

ಡಾಕ್ಟರು ಮುಟ್ಟಿ ನೋಡಿ ಹಣಿ ಹಣಿ ಬಡಕೊಂಡ್ರು. "ಕುಸ್ತಿ ಹಿಡದವನ ಮೈ ಕಾಯದ ಇರ್ತೈತೇನೋ! ಜ್ವರಾ ಇಲ್ಲ, ಏನಿಲ್ಲ. ಹೊರಗ ಆರಾಕ ಬಿಡು, ಸಾಕು!"

ತಿಪ್ಪವ್ವ ತೇಕುತ್ತ ಬಂದ್ಲು. ಬಾಗಲದಾಗ ಮಗ ಒಬ್ಬನ ನಿಂತಾನ.

"ಸಿದರಾಯ ಎಲ್ಲೋ?"

"ಹಿತ್ತಲದಾಗ ಅದಾನವ್ವ. ಆರಾಕ ಬಿಡು ಅಂದ್ರು, ಡಾಕ್ಟರ ಧೋತರದ ಬಾಜೂಕ ಹಗ್ಗಕ್ಕ ನೇತಹಾಕೀನಿ!"