ತೂತು ಬೇರೆ, ಕಿಂಡಿ ಬೇರೆ

ಒಂದು ಕಾಡಿನಲ್ಲಿ, ಚಳಿಗಾಳಿಗೆ ಮೈಯೊಡ್ಡಿ ನಿಂತ ಗುಡ್ಡದ ಬದಿಯಲ್ಲಿ, ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳಿಗೆ ಮೂರು ಮರಿಗಳು. ತಾನೇ ಅಗೆದ ಬಿಲವೆಂದರೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಕೆಳಗೆ ಒಂದು ಬಾಗಿಲು, ಅಲ್ಲಿಂದ ನಾಲ್ಕು ತಿರುವು ದಾಟಿದರೆ ಮಲಗುವ ಕೋಣೆ, ಕೋಣೆಯ ನೆತ್ತಿಯ ಮೇಲೆ ಒಂದು ಸಣ್ಣ ಕಿಂಡಿ. ಬಂದವರಿಗೆಲ್ಲ ತೋರಿಸುತ್ತಿದ್ದಳು. ನೋಡಲು ಒಲ್ಲೆ ಎಂದವರಿಗೂ ತೋರಿಸುತ್ತಿದ್ದಳು.

ಆ ವರ್ಷ ಬಿಸಿಲಿಗೆ ಗುಡ್ಡದ ಮಣ್ಣು ಬಿರಿದಿತ್ತು. ಚಳಿಗಾಲ ಬಂದಾಗ ಆ ಬಿರುಕುಗಳಿಂದ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು. ಮರಿಗಳು ಗಡಗಡ ನಡುಗಿದವು. ಎಷ್ಟು ಗೆಡ್ಡೆ ತಿಂದರೂ ಮೈಗೆ ಹತ್ತಲಿಲ್ಲ. ತಿಂದದ್ದೆಲ್ಲ ನಡುಗುವುದಕ್ಕೇ ಖರ್ಚಾಗುತ್ತಿತ್ತು.

ಆಗ ಬಂದ ನೋಡಿ, ನರಿ ಮೇಸ್ತ್ರಿ. ಒಂದು ದಿನವೂ ಮಣ್ಣು ಮುಟ್ಟದ ಮೇಸ್ತ್ರಿ. ಅವನಿದ್ದದ್ದು ಬೇರೆ ಯಾರೋ ಬಿಟ್ಟುಹೋದ ಗುಹೆಯಲ್ಲಿ.

"ಸೂಜಕ್ಕಾ, ಇದೇನು ಮನೆಯೋ ಜರಡಿಯೋ?" ಎಂದ. "ಎಣಿಸಿದೆ. ಹನ್ನೊಂದು ತೂತು! ಗಾಳಿ ಅಂದರೆ ಕಳ್ಳ ಕಣಕ್ಕಾ. ಮನೆಯ ಬಿಸಿಯನ್ನೆಲ್ಲ ಕದ್ದುಕೊಂಡು ಹೋಗುತ್ತಾನೆ. ತೂತು ಅಂದರೆ ತೂತು. ಎಲ್ಲ ಮುಚ್ಚು."

"ನೆತ್ತಿಯ ಕಿಂಡಿಯನ್ನೂ?"

"ಅದೇನು ಚಿನ್ನದ ತೂತೇ? ಅದನ್ನೂ ಮುಚ್ಚು. ಬಾಗಿಲಿಗೆ ಎಲೆ ತುರುಕಿ ಮಲಗು. ನನಗೆ ಕೂಲಿ ಬೇಡ. ಮಕ್ಕಳು ಬೆಚ್ಚಗಿದ್ದರೆ ಅಷ್ಟೇ ಸಾಕು."

ಕೂಲಿ ಬೇಡ ಎಂದಾಗಲೇ ಅವಳು ಯೋಚಿಸಬೇಕಿತ್ತು. ಆದರೆ ತನ್ನ ಮನೆಯನ್ನು ಜರಡಿ ಎಂದದ್ದು ಅವಳಿಗೆ ಚುಚ್ಚಿತ್ತು. ಬೆಳಗಾಗುವುದರೊಳಗೆ ಹನ್ನೊಂದಕ್ಕೂ ಒದ್ದೆ ಮಣ್ಣು ಮೆತ್ತಿದಳು. ಬಾಗಿಲಿಗೆ ಎಲೆ ತುರುಕಿದಳು.

ಮೊದಮೊದಲು ಒಳಗೆ ಬೆಚ್ಚಗಾಯಿತು. ಮರಿಗಳ ನಡುಕ ನಿಂತಿತು. "ನೋಡಿ, ನಿಮ್ಮವ್ವನ ಕೈಕೆಲಸ!" ಎಂದು ಸೂಜವ್ವ ಬೀಗಿದಳು. ಎಲ್ಲರೂ ಮಲಗಿದರು.

ಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ತಲೆ ಭಾರವಾಗಿತ್ತು. ಗೋಡೆ ಬೆವರಿ ಮೇಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಳಗೆಲ್ಲ ಮುಗ್ಗಲು ವಾಸನೆ. "ಏಳ್ರೋ, ಹಾಲು ಕುಡೀರಿ" ಎಂದಳು. ದೊಡ್ಡವೆರಡು ಮಿಸುಕಿದವು. ಕಿರಿಯವಳು ಪುಟ್ಟಿ ಅಲುಗಲೇ ಇಲ್ಲ. ಸೂಜವ್ವ ಬಾಗಿಲಿನ ಎಲೆಯನ್ನು ಪಕ್ಕಕ್ಕೆ ತಳ್ಳಿದಳು. ಮೂರನ್ನೂ ಬಾಯಲ್ಲಿ ಕಚ್ಚಿ ಒಂದೊಂದಾಗಿ ಹೊರಗೆ ಎಳೆದು ತಂದಳು. ಹೊರಗಿನ ಗಾಳಿ ಸೋಕಿದ ಮೇಲೆ ಪುಟ್ಟಿ ಒಮ್ಮೆ ಸೀನಿ, ಕಣ್ಣು ಬಿಟ್ಟು, "ಅವ್ವಾ, ಹಸಿವು" ಎಂದಳು.

ಪೊದೆಯ ಹಿಂದೆ ಸರಕ್ಕೆಂದಿತು. ನರಿ ನಿಂತಿದ್ದ.

"ಅಯ್ಯೋ, ಇಷ್ಟು ಬೇಗ ಎದ್ದುಬಿಟ್ಟಿರಾ?" ಎಂದ. ಬಾಯಿ ಜಾರಿತೆಂದು ತಿಳಿದು, "ಅಂದರೆ... ಚೆನ್ನಾಗಿ ನಿದ್ದೆ ಬಂತಾ ಅಂತ ಕೇಳಿದೆ" ಎಂದು ಬಾಲ ಮುದುಡಿ ನಡೆದ.

ಸೂಜವ್ವ ಮರಿಗಳನ್ನು ಕರೆದುಕೊಂಡು ನೇರವಾಗಿ ಪಕ್ಕದ ಬಿಲದ ಹೆಗ್ಗಣ ದೊಡ್ಡಪ್ಪನ ಹತ್ತಿರ ಹೋದಳು.

"ದೊಡ್ಡಪ್ಪಾ, ನಿನ್ನ ಮನೆಗೂ ಮೇಸ್ತ್ರಿ ಬಂದಿದ್ದನೇ?"

"ಬಂದಿದ್ದ ಮಗಳೇ. ಹೇಳಿದಂತೆ ಎಲ್ಲ ಮುಚ್ಚಿದೆ. ಮಂಕು ಹಿಡಿದು ಮಲಗಿದ್ದೆವು. ಎದ್ದು ನೋಡಿದರೆ ಎರಡು ಮಕ್ಕಳಿಲ್ಲ. ಗೂಬೆ ಒಯ್ದಿತು ಅಂತ ಮೇಸ್ತ್ರಿಯೇ ಹೇಳಿದ. ಪಾಪ, ನಮ್ಮ ಜೊತೆ ಅತ್ತ ಕೂಡ."

"ಅತ್ತನೇ? ಹೊಟ್ಟೆ ತುಂಬಿದ್ದಕ್ಕೆ ಕಣ್ಣಲ್ಲಿ ನೀರು ಬಂದಿರಬೇಕು" ಎಂದಳು ಸೂಜವ್ವ.

ಆದರೆ ನರಿಯ ಮೇಲೆ ಸಿಟ್ಟು ಮಾಡಿಕೊಂಡರೆ ಚಳಿ ಹೋಗುತ್ತದೆಯೇ? ತೂತು ತೆರೆದರೆ ಮರಿಗಳು ನಡುಗುತ್ತವೆ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಅವಳು ಗುಡ್ಡದ ಕೆಳಗಿನ ಹುತ್ತಕ್ಕೆ ಹೋದಳು. ಮಳೆ, ಬಿಸಿಲು, ಚಳಿ ಎಲ್ಲಕ್ಕೂ ಜಗ್ಗದೆ ನಿಂತ ಹುತ್ತ ಅದು. ಮೇಲೊಬ್ಬ ಮುದಿ ಗೆದ್ದಲಜ್ಜಿ ಮಣ್ಣು ಮೆತ್ತುತ್ತಿದ್ದಳು.

"ಅಜ್ಜೀ, ನಿಮ್ಮ ಮನೆಯಲ್ಲಿ ಎಷ್ಟು ಜನ?"

"ಲಕ್ಷಕ್ಕೆ ಎಣಿಸುವುದನ್ನು ನಿಲ್ಲಿಸಿದೆ."

"ಮತ್ತೆ ಉಸಿರು ಕಟ್ಟುವುದಿಲ್ಲವೇ? ಗೋಡೆಯಲ್ಲಿ ಒಂದು ತೂತೂ ಕಾಣೆ!"

ಗೆದ್ದಲಜ್ಜಿ ಕೆಲಸ ನಿಲ್ಲಿಸಿದಳು. "ತೂತು ಅನ್ನಬೇಡ, ನನಗೆ ಮೈ ಉರಿಯುತ್ತದೆ. ನೀನು ಕರೆಯದೆ ಆದದ್ದು ಬಿರುಕು. ನೀನು ಬೇಕೆಂದು ಇಟ್ಟದ್ದು ಕಿಂಡಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಒಂದೇ ಮಣ್ಣು ಮೆತ್ತುತ್ತೀಯ. ನಾವು ಬಿರುಕು ಕಂಡರೆ ಅನ್ನ ನೀರು ಬಿಟ್ಟು ಮುಚ್ಚುತ್ತೇವೆ. ಉಸಿರಿನ ದಾರಿಯನ್ನು ಮಾತ್ರ ಒಳಗಿನಿಂದ ಜೋಪಾನ ಮಾಡುತ್ತೇವೆ. ಎಷ್ಟು ಗಾಳಿ ಬರಬೇಕು, ಎಲ್ಲಿಂದ ಹೋಗಬೇಕು, ಅದನ್ನು ಹೇಳಬೇಕಾದವಳು ಮನೆಯೊಡತಿ. ಗಾಳಿಯಲ್ಲ, ನರಿಯೂ ಅಲ್ಲ."

ಸೂಜವ್ವನಿಗೆ ನಾಚಿಕೆಯಾಯಿತು. ತನ್ನ ಮನೆಯಲ್ಲಿ ಇದೆಲ್ಲ ಮೊದಲೇ ಇತ್ತು. ಯಾರೋ ಜರಡಿ ಎಂದರೆಂದು ತನ್ನ ಕೈಯಿಂದಲೇ ಮುಚ್ಚಿದ್ದಳು!

ಮನೆಗೆ ಬಂದು ಹತ್ತು ಬಿರುಕುಗಳಿಗೂ ಇನ್ನೊಂದು ಕೈ ಮಣ್ಣು ಮೆತ್ತಿ, ನುಣ್ಣಗೆ ಸವರಿದಳು. ನೆತ್ತಿಯ ಕಿಂಡಿಯನ್ನು ತೆರೆದು, ಮಳೆ ಬೀಳದಂತೆ ಮೇಲೆ ಕಲ್ಲು ಚಪ್ಪಡಿಯನ್ನು ಓರೆಯಾಗಿಟ್ಟಳು. ಬಾಗಿಲಿನ ಎಲೆ ಕಿತ್ತೆಸೆದಳು. ಕೆಳಗಿನಿಂದ ಬಂದ ತಣ್ಣನೆ ಗಾಳಿ, ನೆಲದೊಳಗೆ ನಾಲ್ಕು ತಿರುವು ಸುತ್ತುವುದರೊಳಗೆ ಚಳಿ ಕಳೆದುಕೊಂಡು, ಮೆಲ್ಲಗೆ ಕೋಣೆಗೆ ಬಂತು. ಒಳಗಿನ ಮುಗ್ಗಲು ಗಾಳಿ ನೆತ್ತಿಯಿಂದ ಹೊರಬಿತ್ತು. ಗೋಡೆ ಒಣಗಿತು. ಮೂರು ಗೆಡ್ಡೆ ತಿಂದರೂ ಸಾಲದು ಎನ್ನುತ್ತಿದ್ದ ಮರಿಗಳಿಗೆ ಎರಡೇ ಸಾಕಾಯಿತು.

ಮನೆ ಸರಿಯಾಯಿತು. ನರಿ ಬಾಕಿ ಇದ್ದ.

ಮರುದಿನ ಬೆಳಗ್ಗೆ ಸೂಜವ್ವ ಪೊದೆಗೆ ಕೇಳುವಂತೆ ಹೇಳಿದಳು: "ಮೇಸ್ತ್ರಿಗಳು ಹೇಳಿದಂತೆ ಮತ್ತೆ ಎಲ್ಲ ಮುಚ್ಚಿದೆ. ಮಕ್ಕಳು ಎಬ್ಬಿಸಿದರೂ ಏಳುತ್ತಿಲ್ಲ. ನಾನು ಗೆಡ್ಡೆ ಅಗೆದು ತರುತ್ತೇನೆ."

ಅವಳು ಬಂಡೆಯ ಮರೆಗೆ ಹೋದದ್ದೇ ತಡ, ನರಿ ಬಿಲದೊಳಗೆ ನುಗ್ಗಿದ. ಕೋಣೆ ಖಾಲಿ! ಮರಿಗಳು ಆಗಲೇ ಕಿಂಡಿಯಿಂದ ಮೇಲೇರಿ ಚಪ್ಪಡಿಯನ್ನು ಮಟ್ಟವಾಗಿ ಮುಚ್ಚಿ ಅದರ ಮೇಲೆ ಸಾಲಾಗಿ ಕುಳಿತಿದ್ದವು. ನರಿ ಬಾಗಿಲಿಗೆ ಓಡಿ ಬಂದ. ಅಲ್ಲಿ ಸೂಜವ್ವ ಮುಳ್ಳು ಕೆದರಿಕೊಂಡು, ಬೆನ್ನು ಒಳಗೆ ಮಾಡಿ, ಬಿರಡೆಯಂತೆ ಕುಳಿತಿದ್ದಳು. ನರಿ ಮೂಗು ತಾಗಿಸಿ ಕುಯ್ಯೆಂದು ಹಿಂದೆ ಸರಿದ.

ಹೊತ್ತೇರಿತು. ಒಳಗೆ ಗೋಡೆ ಬೆವರಿತು. ನರಿಯೂ ಬೆವರಿದ.

"ಸೂಜಕ್ಕಾ, ಗಾಳಿ! ಸ್ವಲ್ಪ ಗಾಳಿ ಬಿಡು!"

"ಯಾವ ಗಾಳಿ ಮೇಸ್ತ್ರಿಗಳೇ? ಆ ಕಳ್ಳನೇ?"

"ತಲೆ ಸುತ್ತುತ್ತಿದೆ. ಮೇಲಿನ ತೂತು ತೆಗೆಸು!"

ಮೇಲಿನಿಂದ ಪುಟ್ಟಿ ಕೂಗಿದಳು: "ನಮ್ಮ ಮನೆಯಲ್ಲಿ ತೂತಿಲ್ಲ!"

"ಕಿಂಡಿ! ಕಿಂಡಿ ತೆಗೆಸಿ ತಾಯೀ!" ನರಿ ಊಳಿಟ್ಟ.

ಅಷ್ಟರಲ್ಲಿ ಕಾಡೆಲ್ಲ ಅಲ್ಲಿ ಸೇರಿತ್ತು. "ಮೊದಲು ಹೇಳು, ದೊಡ್ಡಪ್ಪನ ಮಕ್ಕಳೆಲ್ಲಿ?" ಎಂದಳು ಸೂಜವ್ವ.

"ನಾನೇ... ನಾನೇ ತಿಂದೆ."

ಹೆಗ್ಗಣ ದೊಡ್ಡಪ್ಪ ಮುಖ ಮುಚ್ಚಿಕೊಂಡ. ಆಮೇಲೆ ಸೂಜವ್ವ ಕಣ್ಣಲ್ಲೇ ಸನ್ನೆ ಮಾಡಿದಳು. ಮರಿಗಳು ಚಪ್ಪಡಿ ಸರಿಸಿದವು. ಮರಿಗಳ ಅಳತೆಯ ಕಿಂಡಿ ಅದು. ನರಿ ತಿಣುಕಿ ಹೊರಬರುವಷ್ಟರಲ್ಲಿ ಬೆನ್ನಿನ ಕೂದಲೆಲ್ಲ ಕಿತ್ತು ಅಲ್ಲೇ ಉಳಿಯಿತು. ಬೋಳು ಬೆನ್ನು, ಮುಳ್ಳು ನೆಟ್ಟ ಮೂಗು ಹೊತ್ತು ಅದೇ ಚಳಿಗಾಳಿಯಲ್ಲಿ ನಡುಗುತ್ತಾ ಓಡಿದ. ಮತ್ತೆ ಆ ಕಾಡಿಗೆ ಬರಲಿಲ್ಲ.

ಅಂದಿನಿಂದ ಬಿಲ ಅಗೆಯುವವರು ಮೊದಲು ಸೂಜವ್ವನ ಮನೆ ನೋಡಲು ಬರತೊಡಗಿದರು. ಮೊದಲು ಬಂದವನು ಹೆಗ್ಗಣ ದೊಡ್ಡಪ್ಪ, ಉಳಿದ ಮಕ್ಕಳನ್ನು ಕರೆದುಕೊಂಡು. ಈಗ ಸೂಜವ್ವ ತೋರಿಸಲು ಮುಂದಾಗುವ ಅಗತ್ಯವೇ ಇರಲಿಲ್ಲ. ಪುಟ್ಟಿಯೇ ಎದೆಯುಬ್ಬಿಸಿ ಮುಂದೆ ನಡೆಯುತ್ತಿದ್ದಳು:

"ಇದು ಬಾಗಿಲು. ಇದು ಕಿಂಡಿ. ತೂತು ಹುಡುಕಬೇಡಿ, ಸಿಗುವುದಿಲ್ಲ. ಇದು ನಮ್ಮವ್ವ ಅಗೆದ ಮನೆ!"

ನೀತಿ: ಬಿರುಕನ್ನು ಮುಚ್ಚಬೇಕು, ಉಸಿರಿನ ದಾರಿಯನ್ನು ಕಾಯಬೇಕು, ಎರಡೂ ಒಂದೇ ಎನ್ನುವವನ ಮಾತಿಗೆ ನಿಮ್ಮ ಮನೆಯನ್ನು ಒಪ್ಪಿಸಬೇಡಿ.